ಕೊಟ್ಟಿಗೆಯಲ್ಲಿ ಕಟ್ಟಿದ ಕಾರು

ಮೂರು ವರ್ಷಗಳ ಹಿಂದೆ ಮಾಘಮಾಸದ ಒಂದು ರಾತ್ರಿ ಚಿಕ್ಕಮಗಳೂರಿನ ಸೀಮೆಯಲ್ಲಿರುವ ನಮ್ಮ ತಂಗಿಯು ದೂರವಾಣಿಯಲ್ಲಿ ನಮ್ಮನ್ನು ಕರೆದು, “ಅಣ್ಣಯ್ಯ, ನಾಳೆಯೇ ಹೊರಟು ಬಾ. ಹುಡುಗ ಆ ಕಾರನ್ನು ಮರಕ್ಕೆ ಹೊಡೆದು ಕೈ ಮುರಿದುಕೊಂಡಿದ್ದಾನೆ. ಜೀವಕ್ಕೇನೂ ಭಯವಿಲ್ಲ. ಆದರೆ ಅಪ್ಪನಿಗೂ ಮಗನಿಗೂ ಮಾತು ನಿಂತುಹೋಗಿದೆ” ಎಂದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ನಾವು ಅವರ ಮನೆಯನ್ನು ಸೇರಿದೆವು. ಹಿಂದೆ ಹಸುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ, ಮೂತಿ ಜಜ್ಜಿಹೋದ ಮಾರುತಿ ಝೆನ್ ಕಾರೊಂದು ನಿಂತಿದ್ದಿತು. ಗೋದಲೆಯ ಉದ್ದಕ್ಕೂ ಹುಲ್ಲಿಗೆ ಬದಲಾಗಿ ಪಾನಾಗಳೂ ಎಣ್ಣೆಯ ಡಬ್ಬಿಗಳೂ ಬಿದ್ದಿದ್ದವು. ನಮ್ಮ ಭಾವನವರು, “ಇದು ಈ ವಾರವೇ ಗುಜರಿಗೆ ಹೋಗತಕ್ಕದ್ದು” ಎಂದು ತೀರ್ಮಾನ ಹೇಳಿಬಿಟ್ಟಿದ್ದರು. ಹುಡುಗನು ಪಟ್ಟಿ ಕಟ್ಟಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕಂಬಕ್ಕೊರಗಿ, “ಮಾವ, ಎಂಜಿನ್ನಿನದು ತಪ್ಪಲ್ಲ, ಬ್ರೇಕು ಕೈಕೊಟ್ಟಿತು” ಎಂದನು. “ಆ ಬ್ರೇಕು ಯಾರದಂತೆ?” ಎಂದು ತಂದೆಯು ಗೋಡೆಯನ್ನು ನೋಡುತ್ತ ಕೇಳಿದರು.

ಹೀಗೆ ಪಂಚಾಯಿತಿಯು ನಮ್ಮ ತಲೆಯ ಮೇಲೆ ಬಂದಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳುತ್ತಿದ್ದವರಿಗೆ ಪಿಸ್ಟನ್ನಿನ ವಿಚಾರವೇನು ಗೊತ್ತು? ಆದರೂ ತಿಳಿಯದೆ ತೀರ್ಪು ಕೊಡುವುದು ಧರ್ಮವಲ್ಲವೆಂದು ಒಂದು ವಾರದ ಅವಧಿಯನ್ನು ಕೇಳಿದೆವು. ಆ ವಾರದಲ್ಲಿಯೂ ಅದರ ಮುಂದಿನ ಎರಡು ವರ್ಷಗಳಲ್ಲಿಯೂ ನಾವು ಕಂಡು ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂತಹ ಗೀಳು ಹತ್ತಿದ ಮಕ್ಕಳು ವಾಚಕರ ಮನೆಗಳಲ್ಲಿಯೂ ಇರಬಹುದಷ್ಟೆ.

ಮೊದಲು ಈ ಗೀಳಿನ ಮೂಲವನ್ನು ಹೇಳಬೇಕು. ಹಿಂಭಾಗದಲ್ಲಿ ಬೇರೊಂದು ಪೆಟ್ಟಿಗೆಯಿಲ್ಲದೆ, ಬೆನ್ನಿನ ಬಾಗಿಲೇ ಮೇಲಕ್ಕೆ ಎತ್ತಿಕೊಳ್ಳುವ ಸಣ್ಣ ಕಾರನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಸಂಸಾರಸ್ಥರು ತರಕಾರಿ ತರಲಿಕ್ಕೂ ಮಕ್ಕಳನ್ನು ಶಾಲೆಗೆ ಬಿಡಲಿಕ್ಕೂ ಕೊಳ್ಳುವ ವಾಹನವಿದು. ಇಂತಹ ಬಡ ವಾಹನದ ಹೊಟ್ಟೆಯಲ್ಲಿ ಓಟದ ಕಾರಿನ ಕಸುವನ್ನು ತುಂಬುವ ಚಪಲವು ಇಂಗ್ಲೆಂಡಿನಲ್ಲಿ ಬಲು ಹಿಂದೆಯೇ ಹುಟ್ಟಿತು. 1959ರಲ್ಲಿ ಅಲ್ಲಿ ಮಿನಿ ಎಂಬ ಪುಟ್ಟ ಕಾರು ಬಂದಿತು. ಅದರ ಉದ್ದವು ಹತ್ತು ಅಡಿ. ಗಾಲಿಗಳು ಹತ್ತು ಅಂಗುಲದವು. 848 ಘನ ಸೆಂಟಿಮೀಟರಿನ ಎಂಜಿನ್ನಿಗೆ 34 ಅಶ್ವಶಕ್ತಿ. ಅದಕ್ಕೆ ಹಿಂಬಾಗಿಲು ಎತ್ತುವ ಅನುಕೂಲವಿರಲಿಲ್ಲವಾದರೂ, ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ ಮುಂದಿನ ಗಾಲಿಗಳನ್ನೇ ತಿರುಗಿಸುವ ಅದರ ಕ್ರಮವನ್ನು ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಅನುಸರಿಸುತ್ತವೆ. ಅದನ್ನು ರಚಿಸಿದ ಅಲೆಕ್ ಇಸಿಗೊನಿಸ್ ಎಂಬಾತನು ತನ್ನ ಯೌವನದಲ್ಲಿ, 1930ರ ದಶಕದಲ್ಲಿ, ಗೆಳೆಯನೊಬ್ಬನೊಡನೆ ಸೇರಿ ಓಟದ ಕಾರೊಂದನ್ನು ಕೈಕೆಲಸದಿಂದಲೇ ಕಟ್ಟಿದ್ದನು. ಅದರ ಗಾಲಿಗಳ ತೂಗಿಗೆ ಉಕ್ಕಿನ ಸ್ಪ್ರಿಂಗುಗಳಿಗೆ ಬದಲಾಗಿ ರಬ್ಬರನ್ನು ಬಳಸಿದ್ದರು. ಇಪ್ಪತ್ತು ವರ್ಷಗಳ ತರುವಾಯ ಮಿನಿಗೂ ರಬ್ಬರಿನ ತೂಗೇ ಬಂದಿತು. ಎಂದಮೇಲೆ ಮನೆಯಲ್ಲಿ ಕಾರು ಕಟ್ಟುವ ಹುಡುಗರನ್ನು ಸೋಮಾರಿಗಳೆಂದು ಕಡೆಗಣಿಸುವುದು ನ್ಯಾಯವಲ್ಲ. ಇದನ್ನು ಭಾವನವರಿಗೆ ಹೇಳಿದಾಗ ಅವರು, “ಅವನು ಮರಕ್ಕೆ ಹೊಡೆದಿದ್ದನೆ?” ಎಂದರು.

ಮಿನಿ ಕಾರಿನ ಬಳಿಕದ ಕಥೆಯೇ ನಮಗೆ ಮುಖ್ಯವಾದುದು. ಜಾನ್ ಕೂಪರ್ ಎಂಬ ಓಟದ ಕಾರುಗಳ ನಿರ್ಮಾಪಕನು ಆ ಪುಟ್ಟ ವಾಹನವನ್ನು ನೋಡಿ, ಇದನ್ನು ವೇಗಶಾಲಿಯನ್ನಾಗಿ ಮಾಡಬಹುದೆಂದು ಕಂಡನು. ಜನಸಾಮಾನ್ಯರ ಸವಾರಿಗೆಂದು ತಾನು ರಚಿಸಿದ್ದನ್ನು ಓಟಕ್ಕೆಳೆಯುವುದು ಇಸಿಗೊನಿಸನಿಗೆ ಮೊದಲು ಹಿಡಿಸಲಿಲ್ಲ. ಕೊನೆಗೆ 1961ರಲ್ಲಿ ಮಿನಿ ಕೂಪರ್ ಹೊರಬಂದಿತು. ಎಂಜಿನ್ 997 ಘನ ಸೆಂಟಿಮೀಟರು, ಕಾರ್ಬುರೇಟರುಗಳು ಎರಡು, ಶಕ್ತಿಯು 34ರಿಂದ 55ಕ್ಕೆ ಏರಿತು. ಆದರೆ ಹುಡುಗರು ಓದುವಾಗ ಹಾರಿಬಿಡುವ ಸಾಲೊಂದು ಇಲ್ಲಿದೆ: ಶಕ್ತಿಯ ಜತೆಯಲ್ಲಿಯೇ ಮುಂದಿನ ಗಾಲಿಗಳಿಗೆ ಡ್ರಮ್ಮುಗಳನ್ನು ತೆಗೆದು ತಟ್ಟೆಯ ಬ್ರೇಕುಗಳನ್ನು ಹಾಕಿದರು. 1963ರಲ್ಲಿ ಬಂದ ಕೂಪರ್ ಎಸ್ ಕಾರಿಗೆ 70 ಅಶ್ವಶಕ್ತಿ. ಅದಕ್ಕೆ ತಟ್ಟೆಗಳು ಇನ್ನೂ ದೊಡ್ಡವು. ಶಕ್ತಿಯು ಒಂದು ಮೆಟ್ಟಿಲು ಏರಿದಾಗಲೆಲ್ಲ ತಡೆಯೂ ಒಂದು ಮೆಟ್ಟಿಲು ಏರಿತು. ಆ ಪುಟ್ಟ ಕಾರು ಮಾಂಟೆ ಕಾರ್ಲೊ ರ್‍ಯಾಲಿಯನ್ನು 1964, 1965, 1967ರಲ್ಲಿ ಗೆದ್ದಿತು. ನಡುವಿನ 1966ರಲ್ಲಿಯೂ ಮೊದಲು ಬಂದು, ಮುಂದೀಪಗಳು ನಿಯಮಕ್ಕೆ ಸರಿಯಿಲ್ಲವೆಂಬ ಕಾರಣದಿಂದ ಅನರ್ಹವಾಯಿತು. ಆ ಕೂಪರನೇ 1963ರಲ್ಲಿ, ಹಿಂದೊಂದು ಮುಂದೊಂದು ಎರಡು ಎಂಜಿನ್ನುಗಳಿದ್ದ ಪ್ರಯೋಗದ ಮಿನಿಯೊಂದನ್ನು ಓಡಿಸುವಾಗ ಅಪಘಾತಕ್ಕೆ ಸಿಕ್ಕಿ ತೀವ್ರವಾಗಿ ಗಾಯಗೊಂಡನೆಂಬುದನ್ನು ನಾವು ಅಳಿಯನಿಗೆ ಎರಡು ಸಲ ಓದಿ ಹೇಳಿದೆವು.

ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಎಂಬ ಹ್ಯಾಚ್‌ಬ್ಯಾಕು ಕೂಡ, ಕೆಲವು ಎಂಜಿನಿಯರುಗಳು ತಮ್ಮ ಬಿಡುವಿನಲ್ಲಿ ಗುಟ್ಟಾಗಿ ಆರಂಭಿಸಿದ ಕೆಲಸದಿಂದಲೇ ಹುಟ್ಟಿ 1976ರಲ್ಲಿ ಮಾರಾಟಕ್ಕೆ ಬಂದಿತು. ಐದು ಸಾವಿರ ಮಾರಿದರೆ ಸಾಕೆಂದು ಹೊರಟವರು ಮೊದಲ ಪೀಳಿಗೆಯಲ್ಲಿಯೇ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಮಾರಿದರು.

ಇನ್ನು ನಮ್ಮ ದೇಶದ ಝೆನ್. ಇದು 1993ರಲ್ಲಿ ಬಂದು 2006ರವರೆಗೆ ತಯಾರಾಯಿತು. ತೂಕವು ಎಂಟುನೂರು ಕಿಲೋಗಿಂತಲೂ ಕಡಿಮೆ. ಎಂಜಿನ್ 993 ಘನ ಸೆಂಟಿಮೀಟರು. ಶಕ್ತಿಯು ಸುಮಾರು 50 ಕುದುರೆಗಳದು. ಅದೇ ಕಾರ್ಖಾನೆಯವರು 1994ರಲ್ಲಿ ಹೊರತಂದ ಎಸ್ಟೀಮ್ ಎಂಬ ಉದ್ದನೆಯ ಕಾರಿನ ಎಂಜಿನ್ 1298 ಘನ ಸೆಂಟಿಮೀಟರು. ಅದರ ಮುಂದಿನ ಮಾದರಿಗಳಲ್ಲಿ ಶಕ್ತಿಯು 85ರವರೆಗೆ ಏರಿತು. ಈ ಎರಡು ಎಂಜಿನ್ನುಗಳೂ ಒಂದೇ ವಂಶದ ಅಣ್ಣತಮ್ಮಂದಿರು. ಝೆನ್‌ನ ಸಿಲಿಂಡರಿನ ಅಗಲ 72 ಮಿಲಿಮೀಟರು, ಪಿಸ್ಟನ್ನಿನ ನಡೆ 61. ಎಸ್ಟೀಮ್‌ನ ಅಗಲ 74, ನಡೆ 75.5. ಎಂದರೆ ಬಾವಿಯ ಬಾಯಿಯು ಹೆಚ್ಚುಕಡಮೆ ಅಷ್ಟೇ. ಆಳ ಮಾತ್ರ ಹೆಚ್ಚು. ಆದಕಾರಣ ತಮ್ಮನನ್ನು ಇಳಿಸಿದ ಜಾಗದಲ್ಲಿ ಅಣ್ಣನನ್ನು ಕೂರಿಸುವುದು ಅಷ್ಟೇನೂ ಕಷ್ಟವಲ್ಲವೆಂದು ನಮ್ಮ ದೇಶದ ಓಟಗಾರರು ಬಹುಕಾಲದಿಂದ ಬಲ್ಲರು. ನಮ್ಮ ಅಳಿಯನೂ ಹಾಗೆಯೇ ಮಾಡಿದ್ದನು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ ಎಂಜಿನ್ ತಂದು, ಗೆಳೆಯರಿಬ್ಬರ ಸಹಾಯದಿಂದ ಕೊಟ್ಟಿಗೆಯ ತೊಲೆಗೆ ಸರಪಳಿ ರಾಟೆ ಕಟ್ಟಿ, ನಾಲ್ಕು ಭಾನುವಾರಗಳಲ್ಲಿ ಕೂರಿಸಿದ್ದನು. ಕೂರಿಸಿದ ಮೇಲೆ ಓಡಿಸಿದನು. ಬೇರೆ ಏನನ್ನೂ ಮುಟ್ಟಿರಲಿಲ್ಲ.

ಅಪಘಾತವು ಹೇಗಾಯಿತೆಂಬುದನ್ನು ಅವನ ಬಾಯಿಂದಲೇ ಕೇಳಿದೆವು. ತೋಟದೊಳಗಿನ ಇಳಿಜಾರಿನ ರಸ್ತೆಯಲ್ಲಿ ಆ ಸಂಜೆ ಆರು ಸಲ ಮೇಲೆ ಹೋಗಿ ಕೆಳಗಿಳಿದಿದ್ದನು. ನಾಲ್ಕನೆಯ ಸಲವೇ ಬ್ರೇಕಿನ ಕಾಲ್ಮಣೆಯು ಮೆತ್ತಗಾದಂತೆ ತೋರಿತಂತೆ. ಆರನೆಯ ಸಲ ತಿರುವಿನ ಹತ್ತಿರ ಒತ್ತಿದಾಗ ಅದು ಯಾವ ತಡೆಯೂ ಇಲ್ಲದೆ ನೆಲಕ್ಕೆ ತಗುಲಿತು. ಕಾರು ನಾಲ್ಕು ಕಾಫಿಯ ಗಿಡಗಳನ್ನು ಮುರಿದುಕೊಂಡು ಹೋಗಿ ಸಿಲ್ವರ್ ಓಕ್ ಮರವೊಂದಕ್ಕೆ ಬಡಿಯಿತು. ಸೀಟ್ ಬೆಲ್ಟ್ ಕಟ್ಟಿದ್ದುದರಿಂದ ಹುಡುಗನು ಕೈಯೊಂದನ್ನು ಮಾತ್ರ ಮುರಿದುಕೊಂಡನು.

ಇದರ ಕಾರಣವನ್ನು ತಂಗಿಗೆ ತಿಳಿಸುವುದಕ್ಕಾಗಿ ನಾವು ಅಡುಗೆಮನೆಯನ್ನೇ ಆಶ್ರಯಿಸಬೇಕಾಯಿತು. ಒಂದು ಲೀಟರ್ ನೀರನ್ನು ಅಳೆದು ಒಲೆಯ ಮೇಲಿಡುವಂತೆ ಹೇಳಿ ಗಡಿಯಾರವನ್ನು ಹಿಡಿದು ನಿಂತೆವು. ಗ್ಯಾಸಿನ ಒಲೆಯು ಅದನ್ನು ಕುದಿಸಲು ಸುಮಾರು ಐದು ನಿಮಿಷ ತೆಗೆದುಕೊಂಡಿತು. ಬಳಿಕ ಲೆಕ್ಕವನ್ನು ತೋರಿಸಿದೆವು. ಚಾಲಕನೂ ಸೇರಿ 850 ಕಿಲೋ ತೂಗುವ ಕಾರು ಗಂಟೆಗೆ 100 ಕಿಲೋಮೀಟರಿನಂತೆ ಹೋಗುತ್ತಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿಯು ಸುಮಾರು 3,28,000 ಜೌಲುಗಳು. ಕೊಠಡಿಯಲ್ಲಿಟ್ಟ ಒಂದು ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾದುದು ಸುಮಾರು 3,14,000. ಕಾರನ್ನು ನಿಲ್ಲಿಸಿದೊಡನೆ ಆ ಶಕ್ತಿಯು ಎಲ್ಲಿಯೂ ಮಾಯವಾಗುವುದಿಲ್ಲ. ಬಹುಮಟ್ಟಿಗೆ ಬ್ರೇಕಿನ ತಟ್ಟೆ ಡ್ರಮ್ಮುಗಳಲ್ಲಿ ಶಾಖವಾಗಿ ಸೇರುತ್ತದೆ. ನಿನ್ನ ಒಲೆಯು ಐದು ನಿಮಿಷದಲ್ಲಿ ಮಾಡುವ ಕೆಲಸವನ್ನು ಈ ಬ್ರೇಕು ನಾಲ್ಕೇ ಸೆಕೆಂಡುಗಳಲ್ಲಿ ಮಾಡುತ್ತದೆ. 50 ಕಿಲೋಮೀಟರಿನ ವೇಗವಾದರೆ ಅದು ಅರ್ಧ ಲೀಟರಲ್ಲ, ಕಾಲು ಲೀಟರು, ಒಂದು ದೊಡ್ಡ ಲೋಟ ಕಾಫಿಯ ನೀರು ಮಾತ್ರ. ಏಕೆಂದರೆ ವೇಗವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ತಂಗಿಯು ಕುದಿಯುವ ಪಾತ್ರೆಯನ್ನು ನೋಡಿ, “ಇಷ್ಟನ್ನು ಅವನು ಆರು ಸಲ ಕುದಿಸಿದನೆ?” ಎಂದಳು. ಆರು ಸಲವಲ್ಲ, ಒಂದೊಂದು ಇಳಿತದಲ್ಲಿಯೂ ಐದಾರು ತಿರುವುಗಳಿದ್ದವು.

ಮೆಕ್ಯಾನಿಕರು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವದ ವಿಷಯವೂ ಇಲ್ಲಿಯೇ ಹೇಳತಕ್ಕದ್ದು. ಅದು ಎಣ್ಣೆಯಲ್ಲ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಸ್ವಭಾವದ ದ್ರವ. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು 205 ಡಿಗ್ರಿಯವರೆಗಾದರೂ ಕುದಿಯಬಾರದೆಂಬುದು ನಿಯಮ. ತೇವವನ್ನು ಹೀರಿದ ಮೇಲೆ ಆ ಮಿತಿಯು 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಲಾಗುವುದಿಲ್ಲ, ಆವಿಯನ್ನು ಅದುಮಬಹುದು. ಆದುದರಿಂದ ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಹಿಸುಕುವುದರಲ್ಲಿಯೇ ಕಳೆದುಹೋಗಿ ಗಾಲಿಗೆ ಏನೂ ತಲುಪುವುದಿಲ್ಲ. ಹಳೆಯ ಕಾರನ್ನು ಕೊಂಡಂದಿನಿಂದ ಆ ದ್ರವವನ್ನು ಬದಲಾಯಿಸಿದೆಯಾ ಎಂದು ಕೇಳಿದೆವು. ಅಳಿಯನು ನೆಲವನ್ನು ನೋಡಿದನು. ಕಾರಿನ ವಿಚಾರವನ್ನೇ ಎತ್ತದ ವಾಚಕರೂ ಎರಡು ವರ್ಷಕ್ಕೊಮ್ಮೆ ತಮ್ಮ ವಾಹನದ ಈ ದ್ರವವನ್ನು ಹೊಸದು ಮಾಡಿಸುವುದು ಒಳ್ಳೆಯದು. ಘಟ್ಟವನ್ನು ಇಳಿಯುವವರಂತೂ ಅಗತ್ಯವಾಗಿ ಮಾಡಿಸಬೇಕು.

ಕಾನೂನನ್ನೂ ನೋಡಿದೆವು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ತಯಾರಕರು ಮೊದಲು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಾಗೆಯೇ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಇದನ್ನು ಕೇಳಿ ಭಾವನವರ ಮುಖವು ಅರಳಿತು. ಆದರೆ ಸಾರ್ವಜನಿಕ ರಸ್ತೆಗೆ ಇಳಿಯದೆ, ಮೋಟಾರು ಕ್ರೀಡೆಯ ಕ್ಲಬ್ಬುಗಳು ನಡೆಸುವ ಸ್ಪರ್ಧೆಗಳಲ್ಲಿ, ಪರವಾನಗಿ ಪಡೆದು ಓಡಿಸುವ ದಾರಿಯೊಂದು ತೆರೆದಿದೆ. ಬಯಲಿನಲ್ಲಿ ಗುರುತು ಹಾಕಿದ ದಾರಿಯಲ್ಲಿ ಒಬ್ಬೊಬ್ಬರೇ ಗಡಿಯಾರಕ್ಕೆ ಎದುರಾಗಿ ಓಡಿಸುವ ಆಟೊಕ್ರಾಸ್ ಎಂಬ ಪಂದ್ಯವು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ.

ವಾರವು ಮುಗಿದ ಸಂಜೆ ತೀರ್ಪು ಹೇಳಿದೆವು. ಕಾರು ಗುಜರಿಗೆ ಹೋಗುವುದು ಬೇಡ. ಅದರ ನೋಂದಣಿಯನ್ನು ರದ್ದುಮಾಡಿಸಿ, ಮುಂದೆಂದೂ ರಸ್ತೆಗೆ ಇಳಿಸತಕ್ಕದ್ದಲ್ಲ. ಎಂಜಿನ್ನನ್ನು ಕೂಡಲೇ ಹೊರಗೆ ತೆಗೆದು ಗೋಣಿಯಲ್ಲಿ ಸುತ್ತಿ ಅಟ್ಟದ ಕೆಳಗಿಡಬೇಕು. ಗೂಡು, ಆಸನ, ಬ್ರೇಕು, ಗಾಲಿ ಇವೆಲ್ಲ ಮುಗಿದು ಭಾವನವರು ಕಣ್ಣಾರೆ ನೋಡಿ ಒಪ್ಪಿದ ಮೇಲೆಯೇ ಅದು ಮರಳಿ ಒಳಗೆ ಹೋಗತಕ್ಕದ್ದು. ಭಾವನವರು, “ನಾನು ಒಪ್ಪುವವನಲ್ಲ” ಎಂದರು. “ಹಾಗಾದರೆ ನಿಮಗೆ ಭಯವೇಕೆ?” ಎಂದೆವು.

ಕೈ ಕೂಡಿದ ಮೇಲೆ ಕೆಲಸವು ಆರಂಭವಾಯಿತು. ಮೊದಲನೆಯದು ಬಿಚ್ಚುವುದು. ಹಿಂದಿನ ಆಸನ, ನೆಲಹಾಸು, ಬಾಗಿಲುಗಳ ಒಳಹೊದಿಕೆ, ಎಲ್ಲವೂ ಹೊರಬಂದುವು. ಮರಕ್ಕೆ ಬಡಿದು ಸೊಟ್ಟಗಾಗಿದ್ದ ಮುಂಭಾಗವನ್ನು ಚಿಕ್ಕಮಗಳೂರಿನ ಮೇಸ್ತ್ರಿಯೊಬ್ಬರು ಕೊಟ್ಟಿಗೆಗೇ ಬಂದು ಎಳೆದು, ಕರ್ಣಗಳನ್ನು ನೂಲಿನಿಂದ ಅಳೆದು ನೆಟ್ಟಗೆ ಮಾಡಿದರು. ಎರಡು ಕರ್ಣಗಳೂ ಸಮವಾಗದೆ ಅವರು ಕೈ ತೊಳೆಯಲಿಲ್ಲ. ನೂಲು ಹಿಡಿದು ನಿಂತಿದ್ದ ನಮಗೆ ಶುಲ್ಬಸೂತ್ರಗಳ ವೇದಿಯ ನೆನಪಾಯಿತು.

ಅನಂತರ ಪಂಜರ. ಕಾರು ಮಗುಚಿದರೆ ಚಾವಣಿಯು ತಲೆಯ ಮೇಲೆ ಕುಸಿಯದಂತೆ ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಕಟ್ಟುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಚಾಲಕನ ಹಿಂದಿನ ಮುಖ್ಯ ಕಮಾನಿನ ಕೊಳವೆಯು 45 ಮಿಲಿಮೀಟರು ಅಗಲ, ಎರಡೂವರೆ ಮಿಲಿಮೀಟರು ದಪ್ಪ, ಅಥವಾ 50 ಅಗಲ, ಎರಡು ದಪ್ಪ ಇರಬೇಕು. ಉದ್ದಕ್ಕೆ ಬೆಸುಗೆಯ ಗೆರೆ ಇರಕೂಡದು. ನೀರಿನ ಕೊಳವೆಯನ್ನು ಬಗ್ಗಿಸಿ ಬಣ್ಣ ಬಳಿದು ಪಂಜರವೆಂದು ಮಾರುವವರೂ ಉಂಟು. ಇದರ ಬೆಸುಗೆಯನ್ನು ಅಳಿಯನು ತಾನೇ ಮಾಡುತ್ತೇನೆಂದನು. ಕೂಡದೆಂದೆವು; ಅನುಭವವುಳ್ಳ ಕೈಯಿಂದಲೇ ಮಾಡಿಸಿದೆವು. ಇನ್ನೊಂದು ಮಾತು: ಈ ಪಂಜರವು ಶಿರಸ್ತ್ರಾಣ ಧರಿಸಿ, ಹೆಗಲಿಗೂ ಸೊಂಟಕ್ಕೂ ಬಿಗಿಪಟ್ಟಿಗಳನ್ನು ಕಟ್ಟಿ ಕೂರುವವನಿಗೆ ಮಾತ್ರ ರಕ್ಷೆ. ಬರಿತಲೆಯವನಿಗೆ ಅದೇ ಕೊಳವೆಯು ಶತ್ರು. ಶೋಕಿಗಾಗಿ ಊರಿನ ಕಾರುಗಳಲ್ಲಿ ಅದನ್ನು ಹಾಕಿಸುವವರು ಇದನ್ನು ಯೋಚಿಸಿದಂತೆ ತೋರುವುದಿಲ್ಲ.

ಈ ಮಧ್ಯೆ ತಂಗಿಗೆ ಬೇರೆಯ ಸಂಕಟ. “ನಮ್ಮ ಮನೆತನದಲ್ಲಿ ಯಾರೂ ಹೀಗೆ ಗ್ರೀಸು ಬಳಿದುಕೊಂಡು ಊಟಕ್ಕೆ ಬಂದವರಿಲ್ಲ” ಎಂದು ಅತ್ತುಕೊಂಡಳು. ರಥಕಾರನು ವರ್ಷಋತುವಿನಲ್ಲಿ ಅಗ್ನಿಯನ್ನು ಸ್ಥಾಪಿಸತಕ್ಕದ್ದೆಂಬ ವಿಧಿಯುಂಟೆಂದೂ, ರಥವನ್ನು ಮಾಡುವವರೆಲ್ಲರೂ ರಥಕಾರರೋ ಅಥವಾ ಆ ಹೆಸರಿನ ಒಂದು ಜನವೋ ಎಂದು ಮೀಮಾಂಸಕರು ಚರ್ಚಿಸಿ ಎರಡನೆಯದನ್ನೇ ಸಿದ್ಧಾಂತ ಮಾಡಿದರೆಂದೂ, ಮೊದಲನೆಯದನ್ನು ಒಪ್ಪಿದ್ದರೆ ಈ ಮಳೆಗಾಲದಲ್ಲಿ ನಿನ್ನ ಮಗನಿಗೂ ಅಧಿಕಾರ ಬರುತ್ತಿತ್ತೆಂದೂ ಹೇಳಿ ಸಮಾಧಾನಪಡಿಸಲು ನೋಡಿದೆವು. ಅವಳಿಗೆ ಅದು ರುಚಿಸಲಿಲ್ಲ. ಸೀಗೆಪುಡಿಯ ಡಬ್ಬಿಯೊಂದನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟಳು.

ಬ್ರೇಕಿನ ಕೆಲಸವು ಎಲ್ಲಕ್ಕಿಂತ ನಿಧಾನವಾಯಿತು. ಮುಂದಕ್ಕೆ ಎರಡು ಹಾಳೆಗಳ ನಡುವೆ ಗಾಳಿ ಹಾಯುವಂತಹ ದಪ್ಪ ತಟ್ಟೆಗಳು ಬಂದುವು. ಅವುಗಳಿಗೆ ಗಾಳಿಯನ್ನು ತರಲು ಮುಂಭಾಗದಿಂದ ಕೊಳವೆಗಳು. ದ್ರವದ ಹಳೆಯ ನಾಳಗಳೆಲ್ಲ ಹೋಗಿ ಹೊಸವು ಕೂತವು. ಆದರೆ ಒಂದು ಸೂಕ್ಷ್ಮವಿದೆ. ಬ್ರೇಕು ಒತ್ತಿದಾಗ ಕಾರಿನ ಭಾರವು ಮುಂದಕ್ಕೆ ಬಾಗಿ, ಹಿಂದಿನ ಗಾಲಿಗಳು ಹಗುರಾಗುತ್ತವೆ. ಆಗ ಅವೇ ಮೊದಲು ಕಚ್ಚಿ ನಿಂತರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ಹಿಂದಿನ ಆಸನವನ್ನೂ ಹೊದಿಕೆಯನ್ನೂ ಕಿತ್ತುಹಾಕಿದ ಕಾರಿನಲ್ಲಿ ಹಿಂಭಾಗವು ಮೊದಲೇ ಹಗುರ. ಅದಕ್ಕಾಗಿ ಹಿಂದಕ್ಕೆ ಹೋಗುವ ಒತ್ತಡವನ್ನು ಕಡಿಮೆಮಾಡುವ ತಿರುಪೊಂದನ್ನು ಹಾಕಿ, ಅಂಗಳದಲ್ಲಿ ಕಾರನ್ನು ತಳ್ಳಿಸಿ, ಒತ್ತಿಸಿ, ಯಾವ ಗಾಲಿಯು ಮೊದಲು ನಿಲ್ಲುವುದೆಂದು ಹುಡುಗರು ದಿನಗಟ್ಟಲೆ ನೋಡಿದರು. ಎಂಜಿನ್ನಿಲ್ಲದ ಕಾರನ್ನು ತಳ್ಳುವ ಈ ಆಟಕ್ಕೆ ತೋಟದ ಆಳುಗಳೆಲ್ಲ ಬಂದು ನಕ್ಕರು. ಅಂತಿಮವಾದ ಹೊಂದಿಕೆಯು ಮೈದಾನದಲ್ಲಿ, ಎಂಜಿನ್ ಕೂತ ಮೇಲೆ, ಮತ್ತೆ ಆಗಬೇಕಾಯಿತು. ಏಕೆಂದರೆ ಭಾರವೆಲ್ಲ ಆಗ ಬದಲಾಯಿತು.

ಸ್ಪ್ರಿಂಗು, ಅದರುತಡೆ, ಅಗಲವಾದ ಟೈರು, ಬೆಂಕಿ ಆರಿಸುವ ಸಾಧನ, ಹೊರಗಿನಿಂದಲೇ ವಿದ್ಯುತ್ತನ್ನು ಕಡಿಯುವ ಗುಂಡಿ ಇವು ಒಂದೊಂದಾಗಿ ಹಣವಿದ್ದಂತೆ ಬಂದುವು. ಖರ್ಚಿನ ಪುಸ್ತಕವನ್ನು ಭಾವನವರು ತಾವೇ ಬರೆಯತೊಡಗಿದ್ದರು. ಹುಡುಗನ ಸಂಬಳದ ಹಣವು ಪೋಲಾಗುತ್ತಿರುವುದಕ್ಕೆ ಸಾಕ್ಷಿಯಿರಲೆಂದು. ಆದರೆ ಬರೆಯುವವನು ವಸ್ತುವನ್ನು ನೋಡಲೇಬೇಕು, ನೋಡಿದವನು ಕೇಳಲೇಬೇಕು. ಹೀಗೆ ಅಪ್ಪಮಗನ ಮಾತು ಬ್ರೇಕಿನ ಪ್ಯಾಡುಗಳ ಬೆಲೆಯಿಂದ ಮತ್ತೆ ಆರಂಭವಾಯಿತು. ಆ ಪುಸ್ತಕದಂತೆ ಪಂಜರ, ಆಸನ, ಬಿಗಿಪಟ್ಟಿ, ಬ್ರೇಕು ಇವುಗಳಿಗೆ ತಗುಲಿದ ವೆಚ್ಚವು ಎಂಜಿನ್ನಿನ ಬೆಲೆಯ ಮೂರರಷ್ಟು.

ಹದಿನಾಲ್ಕು ತಿಂಗಳ ತರುವಾಯ ಭಾವನವರು ಕಾರಿನ ಸುತ್ತ ಎರಡು ಸಲ ಬಂದು, ಒಳಗೆ ತಲೆ ಹಾಕಿ, ಕೊಳವೆಯನ್ನು ಬೆರಳಿನಿಂದ ತಟ್ಟಿ, “ಇಳಿಸಿಕೊಳ್ಳಿ” ಎಂದರು. ಗೋಣಿಯನ್ನು ಬಿಚ್ಚಿದರು. ಈ ಸಲ ಎಂಜಿನ್ನನ್ನು ಬಿಚ್ಚದೆ ಕೂರಿಸಲಿಲ್ಲ. ಸಿಲಿಂಡರುಗಳ ಮೇಲ್ಮುಚ್ಚಳವನ್ನು ಲೇತ್ ಅಂಗಡಿಯಲ್ಲಿ ಒಂದಿಷ್ಟು ಸವೆಸಿ ಅನಿಲದ ಒತ್ತಡವನ್ನು ಹೆಚ್ಚಿಸಿದರು. ಹೆಚ್ಚು ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದೊರೆಯುತ್ತದೆ. ಅತಿಯಾದರೆ ಕಿಡಿಗಿಂತ ಮೊದಲೇ ಹೊತ್ತಿಕೊಂಡು ಪಿಸ್ಟನ್ನನ್ನು ಬಡಿದು ತೂತು ಮಾಡುತ್ತದೆ. ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವೂ ಬದಲಾಯಿತು. ಹೊಸದರ ಉಬ್ಬುಗಳು ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವುದರಿಂದ ವೇಗವಾಗಿ ತಿರುಗುವಾಗ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಸುಮ್ಮನೆ ನಿಂತಿರುವಾಗ ಮಾತ್ರ ಗೂರಲು ಹಿಡಿದ ಮುದುಕನಂತೆ ಕೆಮ್ಮುತ್ತದೆ. ಅದನ್ನು ಮೊದಲು ಚಾಲೂ ಮಾಡಿದ ದಿನ ಪಕ್ಕದ ಮನೆಯವರು ಏನೋ ಕೆಟ್ಟಿತೆಂದು ಓಡಿಬಂದರು.

ಕಳೆದ ವರ್ಷದ ಬೇಸಗೆಯಲ್ಲಿ ಲಾರಿಯ ಬೆನ್ನಿನ ಮೇಲೆ ಹೇರಿಸಿಕೊಂಡು ಕಾರು ಒಂದು ಆಟೊಕ್ರಾಸಿನ ಬಯಲಿಗೆ ಹೋಯಿತು. ನಾವೂ ಹೋದೆವು. ತಂಗಿಯು ಮೊಸರನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ತಿರುಗಿಸಿ ಕುಳಿತಳು. ಓಡುವಾಗ ನೋಡಲಿಲ್ಲ, ಶಬ್ದವು ನಿಂತಾಗಲೆಲ್ಲ ಮಾತ್ರ ತಿರುಗಿದಳು. ಹುಡುಗನು ಮೂರು ಸಲ ಓಡಿಸಿದನು. ಎರಡನೆಯ ಸಲ ಗುರುತಿನ ಶಂಕುವೊಂದನ್ನು ಬೀಳಿಸಿದ್ದರಿಂದ ದಂಡದ ಸೆಕೆಂಡುಗಳು ಬಿದ್ದವು. ಅವನ ತರಗತಿಯಲ್ಲಿದ್ದ ಹನ್ನೊಂದು ಮಂದಿಯಲ್ಲಿ ಏಳನೆಯವನಾದನು. ಮೊದಲು ಬಂದವನ ಕಾರಿನಲ್ಲಿ ಇವನದಕ್ಕಿಂತ ಚಿಕ್ಕ ಎಂಜಿನ್ನಿತ್ತು.

ಮೂರನೆಯ ಓಟವು ಮುಗಿದು ಕಾರು ಬಂದು ನಿಂತೊಡನೆ ಭಾವನವರು ಎಲ್ಲರಿಗಿಂತ ಮೊದಲು ಹೋಗಿ, ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ತಟ್ಟೆಗೆ ಗೇಣು ದೂರದಲ್ಲಿ ಅಂಗೈಯನ್ನು ಹಿಡಿದರು. “ಕಾಲ್ಮಣೆ ಮೆತ್ತಗಾಯಿತೆ?” ಎಂದು ಕೇಳಿದರು. ಹುಡುಗನು ಶಿರಸ್ತ್ರಾಣವನ್ನು ತೆಗೆಯುತ್ತ, “ಇಲ್ಲಪ್ಪ” ಎಂದನು. ಈಗ ಕಾರು ಮತ್ತೆ ಕೊಟ್ಟಿಗೆಯಲ್ಲಿ ಮರದ ದಿಮ್ಮಿಗಳ ಮೇಲೆ ನಿಂತಿದೆ. ಎರಡನೆಯ ಗೇರು ಬೀಳುವಾಗ ಕಚ್ಚುತ್ತಿರುವುದರಿಂದ ಗೇರಿನ ಪೆಟ್ಟಿಗೆಯನ್ನು ಬಿಚ್ಚಿದ್ದಾರೆ. ಖರ್ಚಿನ ಪುಸ್ತಕದ ಎರಡನೆಯ ಸಂಪುಟವನ್ನು ಭಾವನವರು ಯುಗಾದಿಯ ದಿನ ಆರಂಭಿಸಿದರು.